ದೊಡ್ಡಪ್ಪನ ಮಾತ್ರೆ

ಸ್ವಂತದವರಿಗೆ ಅರಿವಳಿಕೆ ಕೊಡಬಾರದು ಎಂದು ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ. ಎಲ್ಲರೂ ಹೇಳುತ್ತಾರೆ, ಪಾಲಿಸುವವರು ಕಡಿಮೆ. ನಾನು ಪಾಲಿಸುವವರ ಪೈಕಿ. ದೊಡ್ಡಮ್ಮ ಮಂಡಿ ಬದಲಾಯಿಸಿಕೊಳ್ಳಲು ಒಪ್ಪಿದ ದಿನವೇ, ನಿನಗೆ ಬೇರೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ, ನನಗಿಂತ ಅವರ ಕೈ ಮೃದು ಎಂದು ಹೇಳಿಬಿಟ್ಟೆ. ಹಾಗಿದ್ದರೆ ಮಂಡಿ ಇದ್ದ ಹಾಗೇ ಇರಲಿ ಬಿಡು ಎಂದು ಅವಳು ಮಾತು ಮುಗಿಸಿದಳು. ಅವಳ ಜೊತೆ ವಾದಕ್ಕೆ ನಿಂತು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಸೋತವರ ಸಾಲಿನಲ್ಲಿ ನಾನು ಹೊಸಬಳೂ ಅಲ್ಲ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅಮ್ಮ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು. ಕೆಲಸದಲ್ಲಿದ್ದಷ್ಟು ಕಾಲ ಟಪಾಲು ಹಂಚಿದವಳು. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳ ಮೆಟ್ಟಿಲುಗಳೆಲ್ಲ ಅವಳ ಮಂಡಿಗಳನ್ನು ತಿಂದುಹಾಕಿದ್ದವು. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿತ್ತು. ನಡುವೆ ಇರಬೇಕಾದ ಮೆತ್ತನೆಯ ಭಾಗ ಹೆಸರಿಗೂ ಉಳಿದಿರಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅದರ ಒಂದು ನೇಮ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಯಾರ ಹೆಸರಿಗೆ ಬಂದದ್ದೋ ಅದು ಅವರದು. ಒಡೆಯುವುದೂ ಇಲ್ಲ, ಅದರ ಬಗ್ಗೆ ಬಾಯಿ ಬಿಡುವುದೂ ಇಲ್ಲ. ನೆರೆಹೊರೆಯ ಅರ್ಧ ಗುಟ್ಟುಗಳು ಅವಳ ಹೊಟ್ಟೆಯಲ್ಲಿದ್ದವು, ಒಂದೂ ಹೊರಗೆ ಬಿದ್ದದ್ದಿಲ್ಲ.

ಅವಳ ಗಂಡ, ನನ್ನ ದೊಡ್ಡಪ್ಪ, ಬೀಗ ರಿಪೇರಿಯವರು. ಮನೆಯ ಕೆಳಗೇ ಒಂದು ಕೋಣೆಯ ಅಂಗಡಿ. ಹಿಂದಿನ ವರ್ಷ ಅವರ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿದ್ದೆವು. ಅದು ಮತ್ತೆ ಕಟ್ಟಿಕೊಳ್ಳದ ಹಾಗೆ ರಕ್ತವನ್ನು ತೆಳ್ಳಗಿಡುವ ಮಾತ್ರೆ ದಿನಾ ಒಂದು ನುಂಗಬೇಕು, ತಪ್ಪಿಸುವ ಹಾಗಿಲ್ಲ. ತಿಂಗಳಿಗಾಗುವಷ್ಟು ನಾನೇ ತಂದು ಕೊಡುತ್ತಿದ್ದೆ. ತಿಂಗಳ ಮಧ್ಯದಲ್ಲೇ ಖಾಲಿ. ಕೇಳಿದರೆ, ಎಲ್ಲೋ ಇಟ್ಟೆ, ಸಿಂಕಿಗೆ ಬಿತ್ತು, ಇಲಿ ಎಳಕೊಂಡು ಹೋಯಿತೇನೋ ಎನ್ನುತ್ತಿದ್ದರು. ಎರಡೆರಡು ನುಂಗುತ್ತಿದ್ದಾರೇನೋ ಎಂದು ಅವರ ಮೈಕೈ ತಿರುಗಿಸಿ ನೋಡಿದೆ, ನೀಲಿ ಕಲೆ ಒಂದೂ ಇರಲಿಲ್ಲ. ನಾನು ಡಾಕ್ಟರಲ್ಲವೇ, ಕಾರಣ ಕಂಡುಹಿಡಿದೆ: ಮರೆವು ಶುರುವಾಗಿದೆ. ಮರೆವಿನವರು ರಸ್ತೆಗಿಳಿಯುವುದು ಬೇಡ ಎಂದು ಅವರ ಸ್ಕೂಟರಿನ ಕೀಲಿಕೈ ಇಸಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರು ಒಂದು ಮಾತೂ ಆಡದೆ ಕೊಟ್ಟರು. ದೊಡ್ಡಮ್ಮ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದಳು.

ಆಪರೇಷನ್ನಿಗೆ ಮುಂಚೆ ಕೇಳಬೇಕಾದ್ದನ್ನು ನಾನು ಕೇಳದೆ ಬಿಡಲಿಲ್ಲ. ಮನೆಯವಳು ಎಂದು ರಿಯಾಯಿತಿ ಕೊಡಲಿಲ್ಲ. ಯಾವ ಯಾವ ಮಾತ್ರೆ ತಗೋತೀಯ ಎಂದಾಗ ದೊಡ್ಡಮ್ಮ ತನ್ನ ಡಬ್ಬಿ ತೆರೆದು ತೋರಿಸಿದಳು. ಅದನ್ನು ತುಂಬಿದವಳೇ ನಾನು. ಬೇರೆ ಏನೂ ಇಲ್ಲವಾ ಎಂದೆ. ನನ್ನದು ಇಷ್ಟೇ ಎಂದಳು. ರಕ್ತಪರೀಕ್ಷೆಗಳೂ ಸರಿಯಾಗಿದ್ದವು. ದೊಡ್ಡಪ್ಪನ ಆ ಮಾತ್ರೆ ಮಾಮೂಲಿ ಪರೀಕ್ಷೆಗಳಿಗೆ ಸಿಕ್ಕಿಬೀಳುವ ಕಳ್ಳನಲ್ಲ.

ಮಂಡಿ ಆಪರೇಷನ್ನಿನಲ್ಲಿ ರಕ್ತ ಕಾಯುವ ಕೆಲಸ ಇಬ್ಬರದು, ಸರ್ಜನ್ನರದು ಮತ್ತು ನನ್ನದು. ನಮ್ಮ ಸರ್ಜನ್ನರನ್ನು ಎಲ್ಲರೂ ಬಡಗಿ ಅಂತಲೇ ಕರೆಯುವುದು; ಗರಗಸ, ಸುತ್ತಿಗೆ, ಡ್ರಿಲ್ ಹಿಡಿಯುವವರಿಗೆ ಮತ್ತೇನು ಹೆಸರು. ತೊಡೆಗೆ ಒಂದು ಅಗಲವಾದ ಪಟ್ಟಿ ಕಟ್ಟಿ ಗಾಳಿ ತುಂಬುತ್ತೇವೆ, ಬಿ.ಪಿ. ನೋಡುವಾಗ ತೋಳಿಗೆ ಕಟ್ಟುತ್ತಾರಲ್ಲ, ಹಾಗೇ. ಕಾಲಿಗೆ ರಕ್ತ ಇಳಿಯುವುದು ನಿಲ್ಲುತ್ತದೆ. ಕೊಯ್ಯುವ ಮೊದಲೇ, ಕಟ್ಟಿದ ಹೆಪ್ಪು ಕರಗಿಹೋಗದ ಹಾಗೆ ಕಾಯುವ ಔಷಧಿಯನ್ನು ನಾನು ಡ್ರಿಪ್ಪಿಗೆ ಸೇರಿಸುತ್ತೇನೆ. ಹೊಸ ಮಂಡಿ ಕೂತ ಮೇಲೆ, ಹೊಲಿಗೆಗೆ ಮುಂಚೆ, ಬಡಗಿ ಪಟ್ಟಿ ಸಡಿಲಿಸಿ ಎಲ್ಲೆಲ್ಲಿ ರಕ್ತ ಬರುತ್ತದೋ ಅಲ್ಲಲ್ಲಿ ಸುಟ್ಟು ಮುಚ್ಚುತ್ತಾರೆ. ಇಷ್ಟು ಮಾಡಿದರೆ ಹೊರಗಿನ ರಕ್ತ ತರಿಸುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ.

ಆ ಬೆಳಗ್ಗೆ ಅವಳ ಕೈಗೆ ಡ್ರಿಪ್ಪಿನ ಸೂಜಿ ಹಾಕುವಾಗ ಮೊದಲ ಸಲ ನಾಳ ಸಿಗದೆ ಸೂಜಿ ತೆಗೆದೆ. ಆ ಜಾಗಕ್ಕೆ ಹತ್ತಿ ಒತ್ತಿದೆ, ತೊಯ್ದಿತು. ಇನ್ನೊಂದು ಒತ್ತಿದೆ, ಅದೂ ತೊಯ್ದಿತು. ಮೊಣಕೈ ಹತ್ತಿರ ನೀಲಿ ಕಲೆ. ಮೇಜಿನ ಮೂಲೆ ತಾಗಿತು ಎಂದಳು. ವಯಸ್ಸಾದ ಚರ್ಮ, ಹೀಗೇ ಎಂದುಕೊಂಡು ಮುಂದೆ ಹೋದೆ. ಬೇರೆ ಯಾರದೋ ಕೈಯಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟೆ. ಸೊಂಟದ ಕೆಳಗೆ ಮರಗಟ್ಟಿತು. ನಿದ್ದೆ ಬರಿಸಬೇಡ, ನನ್ನ ಕಾಲಿಗೆ ಏನು ಮಾಡ್ತಾರೋ ಕೇಳಿಸ್ಕೋಬೇಕು ಎಂದಿದ್ದಳು. ಎದೆಯ ಮೇಲೆ ಹಸಿರು ಪರದೆ. ಆ ಕಡೆ ಬಡಗಿ, ಈ ಕಡೆ ನಾನು ಮತ್ತು ಅವಳ ತಲೆ. ಸುತ್ತಿಗೆ ಬಿದ್ದಾಗಲೆಲ್ಲ ಅವಳ ಕೆನ್ನೆ ಅದುರುತ್ತಿತ್ತು. ಪಾಪು, ಇವರೇನು ಬಾಗಿಲು ಕೂರಿಸ್ತಿದ್ದಾರಾ ಎಂದು ಕೇಳಿದಳು. ಐವತ್ತು ದಾಟಿದ ನಾನು ಪಾಪು ಎನ್ನಿಸಿಕೊಂಡದ್ದಕ್ಕೆ ಸಿಸ್ಟರುಗಳು ಮಾಸ್ಕಿನೊಳಗೇ ನಕ್ಕರು. ಬಡಗಿಯೂ ಸುಮ್ಮನಿರಲಿಲ್ಲ. ನಿಮ್ಮ ಪಾಪುವಿನ ಬಿ.ಪಿ. ರೋಗಿಗಳಿಗಿಂತ ಜಾಸ್ತಿ, ಮಾತ್ರೆ ಬರೆಸಿಕೊಂಡು ಎಷ್ಟು ಕಾಲವಾಯ್ತು, ತಗೋತಾರೋ ಇಲ್ಲವೋ ಕೇಳಿ ಅಮ್ಮ ಎಂದು ಚಾಡಿ ಹೇಳಿದರು. ಮಾತ್ರೆ ಬ್ಯಾಗಿನಲ್ಲೇ ಇದೆ ಎಂದೆ. ಅದು ಸುಳ್ಳಲ್ಲ.

ಹೊಸ ಮಂಡಿ ಕೂತಿತು. ಪಟ್ಟಿಯ ಗಾಳಿ ಬಿಟ್ಟೆವು. ಈ ಹೊತ್ತಿಗೆ ಬಡಗಿ ಏನಾದರೂ ಗುನುಗುತ್ತಿರುತ್ತಾರೆ, ಗುನುಗು ನಿಂತಿತು. ಪರದೆಯ ಮೇಲಿಂದ ಇಣುಕಿದೆ. ಒಂದು ನಾಳದಿಂದ ಬರುವ ರಕ್ತವಾದರೆ ಹಿಡಿದು ಸುಡಬಹುದು. ಇದು ಎಲ್ಲ ಕಡೆಯಿಂದ, ಒದ್ದೆ ಗೋಡೆ ಬೆವರಿದ ಹಾಗೆ ಜಿನುಗುತ್ತಿತ್ತು. ಬಡಗಿ ಒಂದು ಕಡೆ ಸುಟ್ಟರೆ ಪಕ್ಕದಲ್ಲಿ ತೇವ. ಒತ್ತಿಟ್ಟ ಬಟ್ಟೆಗಳು ಒಂದೊಂದಾಗಿ ಕೆಂಪಾಗಿ ಹೊರಬಂದವು, ಹೀರುವ ಬಾಟಲಿಯ ಮಟ್ಟ ಏರಿತು. ಯಾಕೋ ನಿಲ್ಲುತ್ತಿಲ್ಲ, ಇವರು ಏನಾದರೂ ತಗೋತಿದ್ದಾರಾ ಎಂದು ಅವರು ನನ್ನತ್ತ ನೋಡದೆ ಕೇಳಿದರು. ನಾನು ದೊಡ್ಡಮ್ಮನ ಕಿವಿಯ ಹತ್ತಿರ ಬಗ್ಗಿದೆ.

"ದೊಡ್ಡಮ್ಮ, ನಿಜ ಹೇಳು. ಬೇರೆ ಯಾವುದಾದ್ರೂ ಮಾತ್ರೆ ನುಂಗ್ತಿದ್ದೀಯಾ?"

"ನನ್ನದು ಬೇರೆ ಯಾವುದೂ ಇಲ್ಲ ಅಂದೆನಲ್ಲೇ."

"ಬೇರೆ ಯಾರದ್ದಾದ್ರೂ?"

ಅವಳು ದನಿ ತಗ್ಗಿಸಿದಳು.

"ಅವರದ್ದು. ದಿನಾ ಒಂದು, ಅವರ ಜೊತೆ. ನಿನ್ನೆವರೆಗೂ."

"ಹೃದಯದ ಮಾತ್ರೆನಾ? ನಾನು ಅಷ್ಟು ಸಲ ಕೇಳಿದೆನಲ್ಲ!"

"ನೀನು ಕೇಳಿದ್ದು ನನ್ನ ಮಾತ್ರೆ. ಅದು ಅವರ ಹೆಸರಿಗೆ ಬಂದದ್ದು. ನಾನು ಹೇಗೆ ಹೇಳಲಿ?"

ತಿಂಗಳ ಮಧ್ಯದಲ್ಲಿ ಖಾಲಿಯಾಗುತ್ತಿದ್ದ ಮಾತ್ರೆಗಳೆಲ್ಲ ಎಲ್ಲಿಗೆ ಹೋಗಿದ್ದವು ಎಂಬುದು ತಿಳಿಯಿತು. ಅದನ್ನು ಬಡಗಿಗೆ ಹೇಳಿದೆ. ಅವರು ಬೈಯಲಿಲ್ಲ, ದೊಡ್ಡ ಬಟ್ಟೆಯ ಮಡಿಕೆಯನ್ನು ಗಾಯದೊಳಗಿಟ್ಟು ಎರಡು ಕೈಯಿಂದ ಒತ್ತಿ ಹಿಡಿದು ನಿಂತರು. ಹೆಪ್ಪು ಕಾಯುವ ಔಷಧಿಯನ್ನು ನಾನು ಇನ್ನೊಮ್ಮೆ ಕೊಟ್ಟೆ, ಅವರೂ ಅದನ್ನೇ ಗಾಯದೊಳಗೆ ಸುರಿದರು. ಆ ಮಾತ್ರೆ ಮಾಡುವುದೇನೆಂದರೆ, ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೈಕಟ್ಟಿ ಕೂರಿಸುತ್ತದೆ. ಕೈಕಟ್ಟದ ಹೊಸ ಕಣಗಳು ಬೇಕು ಎಂದು ರಕ್ತನಿಧಿಗೆ ಫೋನ್ ಮಾಡಿಸಿದೆ. ಬಿ.ಪಿ. ಇಳಿಯುತ್ತಿತ್ತು. ಹೆಚ್ಚು ಏರಿಸಿದರೆ ಸೋರುವುದು ಜಾಸ್ತಿ, ಇಳಿಯಲು ಬಿಟ್ಟರೆ ಹೃದಯಕ್ಕೆ ಕಷ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನ್ನ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ದೊಡ್ಡಮ್ಮನ ಮುಖ ಬಿಳುಪೇರಿತ್ತು, ಚಳಿಯಾಗ್ತಿದೆ ಎಂದಳು, ಬಿಸಿ ಹೊದಿಕೆ ಹಾಕಿದೆವು.

ಪ್ಲೇಟ್‌ಲೆಟ್ ಚೀಲಗಳು ಬಂದವು, ಯಾರದೋ ಎರಡು ಚೀಲ ರಕ್ತವೂ ಬಂತು. ಅವು ಇಳಿಯುತ್ತಾ ಹೋದ ಹಾಗೆ ಒತ್ತಿದ ಬಟ್ಟೆಗಳು ಕಡಿಮೆ ಕೆಂಪಾಗಿ ಬರತೊಡಗಿದವು. ಬಡಗಿ ಉಳಿದ ಜಾಗಗಳನ್ನು ತಾಳ್ಮೆಯಿಂದ ಸುಟ್ಟರು, ಹೊಲಿದರು, ಬಿಗಿಯಾಗಿ ಪಟ್ಟಿ ಸುತ್ತಿದರು. ಕೊನೆಗೆ ಗುನುಗು ಮತ್ತೆ ಶುರುವಾಯಿತು. ಅವರ ಭಾಗದ ಕೆಲಸ ಮುಗಿದಿತ್ತು.

ನನ್ನದು ಮುಗಿದಿರಲಿಲ್ಲ. ಇಂಥ ಮಾತ್ರೆ ನುಂಗುವವರ ಬೆನ್ನಿಗೆ ಸೂಜಿ ಹಾಕುವ ಹಾಗಿಲ್ಲ. ಬಹಳ ದಿನ ಮೊದಲೇ ಮಾತ್ರೆ ನಿಲ್ಲಿಸಿರಬೇಕು. ಸೂಜಿ ಹೋದ ದಾರಿಯಲ್ಲಿ ಒಳಗೇ ರಕ್ತ ಸೋರಿ, ಗಡ್ಡೆಕಟ್ಟಿ, ಬೆನ್ನುಹುರಿಯನ್ನು ಒತ್ತಿದರೆ ಎರಡೂ ಕಾಲು ಹೋದವು ಎಂದೇ ಲೆಕ್ಕ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಗೊತ್ತಾಗುವುದು ಒಂದರಿಂದಲೇ: ಮರಗಟ್ಟಿದ್ದು ಇಳಿಯುವ ಹೊತ್ತಿಗೆ ಇಳಿಯಬೇಕು, ಕಾಲ್ಬೆರಳು ಆಡಬೇಕು. ಸಂಜೆಯೊಳಗೆ ಆಡದಿದ್ದರೆ ಸ್ಕ್ಯಾನು, ಆಮೇಲೆ ಬೆನ್ನಿನ ಆಪರೇಷನ್ನು. ಅದೂ ಇಂಥ ರಕ್ತದಲ್ಲಿ.

ದೊಡ್ಡಪ್ಪ ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮನ ಕನ್ನಡಕವನ್ನು ಜೇಬಿನಲ್ಲೂ ಚಪ್ಪಲಿಗಳನ್ನು ತೊಡೆಯ ಮೇಲೂ ಇಟ್ಟುಕೊಂಡು ಕೂತಿದ್ದರು. ನೆಲದ ಮೇಲಿಟ್ಟರೆ ಯಾರಾದರೂ ಹಾಕಿಕೊಂಡು ಹೋದಾರು ಎಂದು ಭಯ. ನನಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ. ಅವಳಿಗೆ ನಿಮ್ಮ ಮಾತ್ರೆ ಯಾಕೆ ಕೊಟ್ಟಿರಿ ಎಂದು ಸೀದಾ ಕೇಳಿದೆ. ಹೇಳಿಬಿಟ್ಟಳಾ ಎಂದು ಅವರು ಆಶ್ಚರ್ಯಪಟ್ಟರು.

"ಸ್ಟೆಂಟ್ ಹಾಕಿದ ಡಾಕ್ಟ್ರು ಹೇಳಿದ್ರು, ಈ ಮಾತ್ರೆ ತಗೊಂಡ್ರೆ ಇನ್ನೂ ಬಹಳ ವರ್ಷ ಓಡ್ತೀರ ಅಂತ. ಅವಳಿಗೆ ಯಾರೂ ಏನೂ ಕೊಡಲಿಲ್ಲ. ಅವಳು ನಿಂತು ಹೋಗಿ ನಾನೊಬ್ಬನೇ ಓಡಬೇಕಾ, ಮರಿ?"

ಉಳಿದದ್ದನ್ನು ಅವರು ಚಪ್ಪಲಿ ಸವರುತ್ತಲೇ ಹೇಳಿದರು. ಮೊದಮೊದಲು ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದರಂತೆ. ಒಂದು ದಿನ ದೊಡ್ಡಮ್ಮ ಹಿಡಿದಳು. ಜಗಳವಾಡಲಿಲ್ಲ. ಅದೇ ಸ್ಟ್ರಿಪ್ಪಿನಿಂದ ಇನ್ನೊಂದು ಮಾತ್ರೆ ಒಡೆದು ತನ್ನ ಬಾಯಿಗೆ ಹಾಕಿಕೊಂಡು, ಈಗ ಸಮ ಆಯ್ತಲ್ಲ, ನುಂಗಿ ಎಂದಳಂತೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಮರೆವಿನವರು ಎಂದು ನಾನು ಎಲ್ಲರೆದುರು ಅಂದಾಗಲೂ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು, ಅವಳಿಗೆ ಮಾತ್ರೆ ನಿಲ್ಲಿಸಿಬಿಡುತ್ತೇನೆ ಎಂದು. ನಿಲ್ಲಿಸುತ್ತಿದ್ದೆ, ಅದು ನಿಜ.

ಆಗಿದ್ದನ್ನು ಅವರಿಗೆ ಮುಚ್ಚಿಡಲಿಲ್ಲ. ರಕ್ತ ನಿಂತಿದೆ, ಕಾಲಿನ ವಿಷಯ ಇನ್ನೂ ಗೊತ್ತಿಲ್ಲ, ನಿಮ್ಮ ಸಮಪಾಲಿನ ಆಟಕ್ಕೆ ಅವಳ ಎರಡೂ ಕಾಲು ಹೋಗಬಹುದು ಎಂದೆ. ಅಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ. ಅವರು ಚಪ್ಪಲಿಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಬೆಳಗಿನ ಮಾತ್ರೆ ತಗೊಂಡಿರಾ ಎಂದು ಕೇಳಿದೆ. ಇಲ್ಲ. ಅವಳ ಬಾಯಿಗೆ ಒಂದು ಗುಟುಕು ನೀರೂ ಹಾಕಬಾರದು ಎಂದು ನಾನೇ ಹೇಳಿದ್ದೆನಲ್ಲ, ಒಬ್ಬರೇ ಹೇಗೆ ನುಂಗುವುದು. ಈಗಲಾದರೂ ನುಂಗಿ, ಇಲ್ಲದಿದ್ದರೆ ನಿಮ್ಮನ್ನೂ ಮಂಚಕ್ಕೆ ಹಾಕಬೇಕಾಗುತ್ತದೆ ಎಂದು ಅಂಗೈಗೆ ಮಾತ್ರೆ ಇಟ್ಟೆ.

"ಅವಳ ಬೆರಳು ಆಡಲಿ," ಎಂದರು. ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಮಧ್ಯಾಹ್ನವೆಲ್ಲ ನಾನು ದೊಡ್ಡಮ್ಮನ ಮಂಚದ ಕಾಲುಗಡೆ ನಿಂತಿದ್ದೆ. ಹೊದಿಕೆ ಸರಿಸಿ ಎರಡು ಪಾದಗಳನ್ನೂ ಬಯಲಿಗಿಟ್ಟಿದ್ದೆ. ಟಪಾಲಿನ ಪಾದಗಳು, ಹಿಮ್ಮಡಿ ಒಡೆದಿತ್ತು, ಕಿರುಬೆರಳುಗಳು ಬೂಟಿನೊಳಗೇ ಬೆಳೆದು ಸೊಟ್ಟಗಾಗಿದ್ದವು. ಅವಳು ಟೀ ಬೇಕು ಎಂದಳು. ಅವರು ಏನಾದರೂ ತಿಂದರಾ ಎಂದು ಕೇಳಿದಳು. ಬೆರಳು ಆಡಿಸು ಎಂದೆ.

"ಆಡಿಸ್ತಾ ಇದ್ದೀನಲ್ಲೇ, ಕಾಣಲ್ವಾ?"

ಒಂದೂ ಆಡುತ್ತಿರಲಿಲ್ಲ. ಹೌದು, ಹೌದು ಎಂದೆ. ನನ್ನ ಧ್ವನಿ ಸರಿಯಾಗಿಯೇ ಇತ್ತು, ಈ ಕೆಲಸದಲ್ಲಿ ಧ್ವನಿಯನ್ನು ಪಳಗಿಸಿರುತ್ತೇವೆ. ಹೊರಗೆ ಹೋಗಿ ಸ್ಕ್ಯಾನಿನವರಿಗೆ ತಯಾರಾಗಿರಲು ಹೇಳಿ ಬಂದೆ. ಗೋಡೆಗೆ ಒರಗಿದಾಗ ತಲೆ ಸುತ್ತಿತು. ಬ್ಯಾಗು ಲಾಕರಿನಲ್ಲಿತ್ತು, ಮಾತ್ರೆ ಬ್ಯಾಗಿನಲ್ಲಿತ್ತು. ಹೋಗಲಿಲ್ಲ. ದೊಡ್ಡಮ್ಮನ ಕಾಲು ಹೋದರೆ ನಾನು ಮತ್ತೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಅಲ್ಲಿ ನಿಂತೇ ನಿರ್ಧಾರ ಮಾಡಿದೆ. ಅವಳು ಒಬ್ಬಳೇ ನನ್ನನ್ನು ಪಾಪು ಎಂದು ಕರೆಯುವವಳು.

ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಹತ್ತುವ ಹೊತ್ತಿಗೆ ಅವಳು, ಪಾದಕ್ಕೆ ಇರುವೆ ಹತ್ತಿದೆ, ಕೊಡವು ಎಂದಳು. ಇರುವೆ ಇರಲಿಲ್ಲ. ಯಾವ ಪಾದ ಎಂದೆ. ಎರಡೂ ಎಂದಳು. ನೋಡುತ್ತಿದ್ದ ಹಾಗೇ ಎಡಗಾಲಿನ ಹೆಬ್ಬೆರಳು ಒಮ್ಮೆ ಕೆಳಕ್ಕೆ ಬಾಗಿತು. ಸ್ವಲ್ಪ ಹೊತ್ತಿಗೆ ಪಟ್ಟಿ ಸುತ್ತಿದ ಬಲಗಾಲಿನದೂ ಬಾಗಿತು. ಇನ್ನೊಂದು ಸಲ ಎಂದೆ. ಮತ್ತೆ ಇನ್ನೊಂದು ಸಲ ಎಂದೆ. ಏನೇ ಇದು, ಸರ್ಕಸ್ಸಾ ಎಂದು ಅವಳು ಗದರಿದಳು. ನಾನು ಆ ಒಡೆದ ಹಿಮ್ಮಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆ.

ಹೊರಗೆ ಬಂದು ದೊಡ್ಡಪ್ಪನಿಗೆ ತಲೆಯಾಡಿಸಿದೆ. ಅವರು ಮುಷ್ಟಿ ಬಿಚ್ಚಿದರು. ಮಾತ್ರೆ ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು. ಹೊಸದು ತಂದುಕೊಟ್ಟೆ, ನೀರು ತರುವಷ್ಟರಲ್ಲಿ ನುಂಗಿಬಿಟ್ಟಿದ್ದರು.

ಮುಂದಿನದು ಬಡಗಿ ಮಾಡಿದ ಫಜೀತಿ. ರಕ್ತ ಸೋರುವ ಭಯ ಪೂರ್ತಿ ಕಳೆದು, ದೊಡ್ಡಮ್ಮ ವಾಕರ್ ಹಿಡಿದು ಹೆಜ್ಜೆ ಇಡುವ ಹೊತ್ತಿಗೆ ಇನ್ನೊಂದು ಭಯ ಶುರುವಾಗುತ್ತದೆ. ಆಪರೇಷನ್ ಆದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಾರದು. ಅದಕ್ಕೆ ಕೆಲವು ವಾರ ರಕ್ತ ತೆಳ್ಳಗಿಡುವ ಮಾತ್ರೆ ಕೊಡುತ್ತೇವೆ. ದೊಡ್ಡಪ್ಪನದರಷ್ಟು ಜೋರಿನದಲ್ಲ, ಆದರೆ ಕುಲ ಅದೇ. ಬಡಗಿ ಚೀಟಿ ಬರೆದು ನನ್ನ ಕೈಗೆ ಕೊಡುವಾಗ ನಗು ತಡೆದುಕೊಂಡದ್ದು ಕಾಣುತ್ತಿತ್ತು.

ಮನೆಗೆ ಬಂದ ದಿನ ಊಟದ ಮೇಜಿನ ಮೇಲೆ 'ಅಪ್ಪ', 'ಅಮ್ಮ' ಎಂದು ಬರೆದ ಎರಡು ಬೇರೆ ಡಬ್ಬಿ ಇಟ್ಟೆ. ದೊಡ್ಡಮ್ಮ ಹೊಸ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಯಾರ ಹೆಸರಿಗೆ? ಈಗಲೇ ಸರಿಯಾಗಿ ಹೇಳು, ಆಮೇಲೆ ನನ್ನ ಮೇಲೆ ಕೂಗಾಡಬೇಡ."

ನಿನ್ನದೇ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಕದ್ದಮೆ ಗೆದ್ದವರ ಮುಖ. ದೊಡ್ಡಪ್ಪ ತಮ್ಮದನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿ, ಅವಳಿಗೆ ಎಲ್ಲಿಯವರೆಗೆ ಎಂದು ಕೇಳಿದರು. ಕೆಲವೇ ವಾರ, ಆಮೇಲೆ ನೀವೊಬ್ಬರೇ ಎಂದೆ. ಅವರು ಮಾತ್ರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ನನ್ನ ಸಹನೆ ಮುಗಿಯಿತು. ನೀವು ಇದನ್ನು ನುಂಗದಿದ್ದರೆ ಸಾಯುತ್ತೀರಿ, ಅವಳು ನುಂಗಿದರೆ ಸಾಯುತ್ತಾಳೆ, ಇದರಲ್ಲಿ ಸಮ ಎಲ್ಲಿಂದ ತರಲಿ ಎಂದು ಕೂಗಿದೆ. ದೊಡ್ಡಮ್ಮ ಕೂತಲ್ಲಿಂದಲೇ ಕೈ ಚಾಚಿ ನನ್ನ ಬ್ಯಾಗನ್ನು ಎಳೆದುಕೊಂಡಳು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರದನ್ನು ಒಡೆದು ನೋಡಿದ್ದು ಅದೇ ಇರಬೇಕು. ಮೊದಲು ಸ್ಕೂಟರಿನ ಕೀಲಿಕೈ ಹೊರಗೆ ಬಂತು, ಅದನ್ನು ಗಂಡನ ಮುಂದಿಟ್ಟಳು. ಅವರು ಕಸುಬಿನವರ ಹಾಗೆ ಅದನ್ನು ತಿರುಗಿಸಿ ನೋಡಿ, ನೀನು ಇಸಕೊಂಡು ಹೋದ ದಿನವೇ ಇನ್ನೊಂದು ಮಾಡಿಕೊಂಡಿದ್ದೆ, ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ, ನೀನು ಬೇಡ ಅಂದೆ ಅಂತ ಓಡಿಸಲಿಲ್ಲ ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಬಂದದ್ದು ನನ್ನ ಬಿ.ಪಿ. ಮಾತ್ರೆಯ ಸ್ಟ್ರಿಪ್ಪು. ದೊಡ್ಡಮ್ಮ ಅದರ ಮೇಲೆ ಬೆರಳಾಡಿಸಿದಳು.

"ಒಂದೂ ಒಡೆದಿಲ್ಲ. ನಿನಗೂ ಮರೆವಾ?"

ಮರೆವಲ್ಲ. ಬೆಳಗ್ಗೆ, ನಾನೊಬ್ಬಳೇ ಇರುವ ಮನೆಯ ಅಡುಗೆಮನೆಯಲ್ಲಿ ನಿಂತು ಅದನ್ನು ದಿನಾ ನೋಡುತ್ತೇನೆ. ಯಾರಿಗಾಗಿ ಎಂದು ಒಂದು ಪ್ರಶ್ನೆ ಬರುತ್ತದೆ, ಬ್ಯಾಗಿಗೆ ಹಾಕಿಕೊಂಡು ಹೊರಡುತ್ತೇನೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡಪ್ಪ ಎದ್ದು ಮೂರನೆಯ ಕುರ್ಚಿ ಎಳೆದರು, ಇನ್ನೊಂದು ಲೋಟ ನೀರು ತಂದಿಟ್ಟರು. ದಿನಾ ಕೆಲಸಕ್ಕೆ ಹೋಗುವ ಮುಂಚೆ ಈ ಕಡೆಯೇ ಬಾ ಎಂದರು. ಅವರ ಮಾತ್ರೆ ಅವರ ಕೈಯಲ್ಲಿತ್ತು, ಅವರು ನನ್ನನ್ನೇ ನೋಡುತ್ತಿದ್ದರು.

ನಾನು ಒಂದು ಒಡೆದೆ. ಮೂವರೂ ಒಟ್ಟಿಗೆ ನುಂಗಿದೆವು. ನನ್ನದು ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು, ಇನ್ನೂ ನೀರು ಕುಡಿ ಪಾಪು ಎಂದಳು ದೊಡ್ಡಮ್ಮ.